ಪಾದಗಳನ್ನು ಕಾಯ್ದ ವೈದ್ಯರು: ಜೋಸ್ಲಿನ್ ಅವರ ಚರಿತ್ರೆ

ಹೊಲದಲ್ಲಿ ದುಡಿಯುವ ನಮ್ಮ ಜನರಿಗೆ ಕಾಲಿನಲ್ಲಿ ಮುಳ್ಳು ಮುರಿಯುವದು ದಿನದ ಸಂಗತಿ. ಮುಳ್ಳು ನೆಟ್ಟರೆ ನೋಯುತ್ತದೆ. ನೋಯುವದರಿಂದಲೇ ಬದುವಿನ ಮೇಲೆ ಕೂತು ಅದನ್ನು ತೆಗೆಯುತ್ತೇವೆ. ಆದರೆ ಸಿಹಿಮೂತ್ರದ ರೋಗವು ಬಹುಕಾಲ ನೆಲೆಸಿದ ದೇಹದಲ್ಲಿ ಪಾದದ ನರಗಳು ಕೆಟ್ಟು ನೋವೇ ತಿಳಿಯದೆ ಹೋಗಬಹುದು. ರಕ್ತನಾಳಗಳೂ ಕಿರಿದಾದರೆ ಚಿಕ್ಕ ಗಾಯವು ಮಾಯದೆ ಹುಣ್ಣಾಗಿ, ಕೀವು ತುಂಬಿ, ಕಡೆಗೆ ಕಾಲನ್ನೇ ಕತ್ತರಿಸುವ ಕಾಲ ಬರುತ್ತದೆ. ಇಂಥ ಕಾಲುಗಳನ್ನು ಉಳಿಸುವದಕ್ಕೆ ಹೆಣಗಿದ ಅಮೇರಿಕದ ಎಲಿಯಟ್ ಜೋಸ್ಲಿನ್ ಎಂಬ ವೈದ್ಯರ ಚರಿತ್ರೆಯನ್ನು ಈ ತಿಂಗಳು ಹೇಳುತ್ತೇವೆ.

ಇವರು 1869ನೆಯ ಇಸವಿ ಜೂನ್ 6ರಂದು ಮ್ಯಾಸಚೂಸೆಟ್ಸ್ ಸೀಮೆಯ ಆಕ್ಸ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ತಂದೆಯು ಪಾದರಕ್ಷೆಗಳ ಕಾರ್ಖಾನೆಯ ಒಡೆಯ. ಪಾದರಕ್ಷೆಯ ಮನೆಯಲ್ಲಿ ಹುಟ್ಟಿದವರು ಮುಂದೆ ಪಾದಗಳ ಚಿಂತೆಯನ್ನೇ ಹೊತ್ತರೆಂಬದು ನಮಗೆ ಸೋಜಿಗವಾಗಿ ತೋರುತ್ತದೆ. ಯೇಲ್‌ನಲ್ಲಿ ಓದಿ, 1895ರಲ್ಲಿ ಹಾರ್ವರ್ಡ್ ವಿದ್ಯಾಲಯದಿಂದ ವೈದ್ಯಪದವಿ ಪಡೆದು, ಬಾಸ್ಟನ್ ಪಟ್ಟಣದಲ್ಲಿ ಚಿಕಿತ್ಸೆಯನ್ನು ಆರಂಭಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ, 1893ರಲ್ಲಿ, ಸಿಹಿಮೂತ್ರ ರೋಗಿಗಳ ವಿವರವನ್ನು ಒಂದು ದಫ್ತರದಲ್ಲಿ ಬರೆಯತೊಡಗಿದ್ದರು. ಕೆಲವು ವರ್ಷಗಳ ತರುವಾಯ ಅದರಲ್ಲಿ ಅವರ ಸ್ವಂತ ತಾಯಿಯ ಹೆಸರೂ ಸೇರಿತು. ಆಗ ಇನ್ಸುಲಿನ್ ಇರಲಿಲ್ಲ. ಆಹಾರವನ್ನು ತೂಗಿ ಅಳೆದು ಉಣ್ಣುವದರಿಂದಲೇ ಆ ತಾಯಿ ಹತ್ತು ವರ್ಷಕ್ಕೂ ಹೆಚ್ಚು ಬಾಳಿದಳು. ರೋಗಿಯ ಅಡಿಗೆಮನೆಯೇ ಚಿಕಿತ್ಸೆಯ ಮನೆಯೆಂಬದನ್ನು ಮಗನು ಅಲ್ಲಿ ಕಲಿತನು.

1921ರಲ್ಲಿ ಕೆನಡಾದ ಟೊರಾಂಟೊ ಪಟ್ಟಣದಲ್ಲಿ ಇನ್ಸುಲಿನ್ ದೊರಕಿತು; ಮರುವರುಷದ ಆಗಸ್ಟ್‌ನಲ್ಲಿ ಜೋಸ್ಲಿನ್ನರು ಅದನ್ನು ತಮ್ಮ ರೋಗಿಗಳಿಗೆ ಕೊಡತೊಡಗಿದರು. ಅದಕ್ಕೆ ಮುಂಚೆ ಮೂರ್ಛೆಬಿದ್ದು ಸಾಯುತ್ತಿದ್ದವರು ಬದುಕಿದರು. ಆದರೆ ಸಂತೋಷದ ಹಿಂದೆಯೇ ಇನ್ನೊಂದು ದುಃಖವು ಬಂತು. ಹೆಚ್ಚುಕಾಲ ಬದುಕಿದವರ ಪಾದಗಳು ಕೊಳೆಯತೊಡಗಿದವು. 1934ರಲ್ಲಿ ಈ ಅಪಾಯದ ವಿಷಯವಾಗಿ ಅವರು ವೈದ್ಯರ ಪತ್ರಿಕೆಯಲ್ಲಿ ಬರೆದರು. ಇದು ಮೇಲಿನಿಂದ ಬಂದ ವಿಧಿಯಲ್ಲ, ತಡೆಯತಕ್ಕದ್ದು ಎಂಬದೇ ಅವರ ವಾದದ ತಿರುಳು.

ಮೆಥೊಡಿಸ್ಟ್ ಸಭೆಯ ಸೇವಕಿಯರು ಸ್ಥಾಪಿಸಿದ್ದ ಬಾಸ್ಟನ್ನಿನ ಡೀಕನೆಸ್ ಆಸ್ಪತ್ರೆಯಲ್ಲಿ ಅವರು ವೈದ್ಯರು, ಶಸ್ತ್ರವೈದ್ಯರು, ಪಾದಗಳನ್ನು ನೋಡುವವರು, ದಾದಿಯರು ಎಂಬ ಎಲ್ಲರನ್ನೂ ಒಂದೇ ಪಾದದ ಸುತ್ತಲೂ ಕೂಡಿಸಿದರು. ದಿನಾಲು ಪಾದ ತೊಳೆದು ಬೆರಳ ಸಂದುಗಳನ್ನು ಒರಸಬೇಕು, ಅಂಗಾಲನ್ನು ಕಣ್ಣಾರೆ ನೋಡಬೇಕು, ಕಣ್ಣು ಮಂಜಾದವರು ಮನೆಯವರಿಗೆ ತೋರಿಸಬೇಕು, ಬರಿಗಾಲಿನಲ್ಲಿ ನಡೆಯಬಾರದು, ಆಣಿಯನ್ನು ತಾನೇ ಕೊಯ್ದುಕೊಳ್ಳಬಾರದು, ಬಿಸಿಯಿಂದ ಕಾಲು ಕಾಸಬಾರದು, ಹುಣ್ಣಾದ ಕಾಲಿನ ಮೇಲೆ ಭಾರ ಹಾಕಬಾರದು. ಅವರ ಜೊತೆ ಕೆಲಸಮಾಡಿದ ಶಸ್ತ್ರವೈದ್ಯರಾದ ಮೆಕ್‌ಕಿಟ್ರಿಕ್ಕರು ತಮ್ಮ ಸಂಗಡಿಗರೊಂದಿಗೆ, ಕಾಲನ್ನೆಲ್ಲಾ ತೆಗೆಯದೆ ಪಾದದ ಮುಂಭಾಗವನ್ನು ಮಾತ್ರ ತೆಗೆದು ಮಿಕ್ಕದ್ದನ್ನು ಉಳಿಸುವ ವಿಧಾನವನ್ನು 1949ರಲ್ಲಿ ಪ್ರಕಟಿಸಿದರು.

ಇದೆಲ್ಲಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದದ್ದು ಅವರ ಸಂಚಾರದ ದಾದಿಯರ ಕೆಲಸ. ಆಸ್ಪತ್ರೆಯಲ್ಲಿ ಹೇಳಿದ ಬುದ್ಧಿಯು ಮನೆಯ ಹೊಸ್ತಿಲಲ್ಲಿ ಮರೆತುಹೋಗುವದನ್ನು ಜೋಸ್ಲಿನ್ನರು ಅರಿತಿದ್ದರು. ಆದಕಾರಣ ತಾವು ತರಬೇತು ಮಾಡಿದ ದಾದಿಯರನ್ನು ರೋಗಿಗಳ ಮನೆಗಳಿಗೇ ಕಳುಹಿಸಿದರು. ಊಟ ತೂಗುವದನ್ನೂ ಸೂಜಿ ಹಾಕಿಕೊಳ್ಳುವದನ್ನೂ ಅವರು ಮನೆಯವರ ಕೈಹಿಡಿದು ಕಲಿಸಿದರು.

ಜೋಸ್ಲಿನ್ನರು ಕಟ್ಟುನಿಟ್ಟಿನವರು, ಶಿಸ್ತು ತಪ್ಪಿದ ರೋಗಿಯ ಮೇಲೆ ತಪ್ಪು ಹೊರಿಸುವ ಗುಣವೂ ಅವರಲ್ಲಿತ್ತು. ಇದನ್ನು ನಾವು ಮುಚ್ಚಿಡುವದಿಲ್ಲ. ಕಾಲೂರಬೇಡವೆಂದು ಕೂಲಿಯವನಿಗೆ ಹೇಳುವದು ಸುಲಭ. ಆ ವಾರದ ಅಕ್ಕಿಯನ್ನು ಯಾರು ತರಬೇಕು? ಆಸ್ಪತ್ರೆಗೆ ಬಸ್ಸಿನ ಹಣವೆಲ್ಲಿ? ಯಾವ ಬಾಗಿಲಲ್ಲಿ ಚೀಟಿ ಬರೆಸಬೇಕೆಂದು ತಿಳಿಯದೆ ಹಿಂದಿರುಗಿದ ಮುದುಕಿಯನ್ನು ನಾವೇ ಕಂಡಿದ್ದೇವೆ. ಅವಳಲ್ಲಿ ಶಿಸ್ತಿನ ಕೊರತೆಯೇನೂ ಇರಲಿಲ್ಲ. ಈ ವಿಷಯದಲ್ಲಿ ಜೋಸ್ಲಿನ್ನರ ನಿಯಮಗಳಿಗಿಂತ ಅವರ ದಾದಿಯರೇ ಮೇಲೆಂದು ನಮ್ಮ ಅಭಿಪ್ರಾಯ. 1990ರಲ್ಲಿ ನ್ಯೂಯಾರ್ಕ್ ಪಟ್ಟಣದ ಹಾರ್ಲೆಮ್ ಆಸ್ಪತ್ರೆಯಲ್ಲಿ ಡಾಕ್ಟರ್ ಹೆರಾಲ್ಡ್ ಫ್ರೀಮನ್ನರು ಬಡ ಕ್ಯಾನ್ಸರ್ ರೋಗಿಗಳಿಗೆ ದಾರಿತೋರಿಸುವ ಜೊತೆಗಾರರನ್ನು ನೇಮಿಸಿದರು. ಪಾದದ ಹುಣ್ಣುಳ್ಳವರಿಗೂ ಈಗ ಕೆಲವು ಕಡೆಗಳಲ್ಲಿ ಇಂಥ ಜೊತೆಗಾರರಿದ್ದಾರೆ. ಬರಬೇಕಾದ ದಿನವನ್ನು ನೆನಪಿಸುವದು, ವಾಹನ ಗೊತ್ತುಮಾಡುವದು, ವೈದ್ಯರ ಮಾತನ್ನು ಮನೆಮಾತಿನಲ್ಲಿ ತಿಳಿಸುವದು, ತಕ್ಕ ಪಾದರಕ್ಷೆ ದೊರಕಿತೋ ಎಂದು ವಿಚಾರಿಸುವದು ಅವರ ಕೆಲಸ. ಔಷಧಿಯ ಚೀಲ ಅವರ ಕೈಯಲ್ಲಿಲ್ಲ. ಆದರೂ ಅವರಿಲ್ಲದೆ ಎಷ್ಟೋ ಔಷಧಿಯು ರೋಗಿಯನ್ನು ಮುಟ್ಟುವದಿಲ್ಲ.

ಜೋಸ್ಲಿನ್ನರು ತೊಂಬತ್ತು ದಾಟಿದ ಮೇಲೂ ತಮ್ಮ ಕೆಲಸವನ್ನು ಬಿಡಲಿಲ್ಲ. 1962ನೆಯ ಇಸವಿ ಜನವರಿ 28ರಂದು, 92 ವರ್ಷದವರಾಗಿ ತೀರಿಹೋದರು. ವಿದ್ಯಾರ್ಥಿಯಾಗಿದ್ದಾಗ ಒಬ್ಬ ರೋಗಿಯ ಹೆಸರಿನಿಂದ ಆರಂಭಿಸಿದ ದಫ್ತರದಲ್ಲಿ ಅಷ್ಟರೊಳಗೆ ಸಾವಿರಾರು ಹೆಸರುಗಳು ಸೇರಿದ್ದವು.