ಸಾಂಖ್ವಾಳದ ತೋಟದಿಂದ ಸಗಾಯಿಂಗ್ ಗುಹೆಗೆ: ಮನಸ್ಸಿನ ಬೆನ್ನು ಹತ್ತಿದ ಧರ್ಮಾನಂದ ಕೋಸಂಬಿ

ಗೋವಾದ ಸಾವರ್ಡೆ ರೈಲು ನಿಲ್ದಾಣ ಮಂಗಳೂರಿನವರಿಗೆ ತೀರಾ ಅಪರಿಚಿತವೇನಲ್ಲ. ಮಡಗಾಂವ್‌ನಲ್ಲಿ ರೈಲು ಬದಲಾಯಿಸಿ ಲೋಂಡಾ, ಹುಬ್ಬಳ್ಳಿ ಕಡೆ ಹೋಗುವವರು ಸಾವರ್ಡೆ ದಾಟಿಯೇ ಹೋಗಬೇಕು. ಅಲ್ಲಿಂದ ಮುಂದೆ ಕುಳೆ, ಆಮೇಲೆ ಘಟ್ಟ. ಅದೇ ಹಳಿಯಲ್ಲಿ ಇನ್ನೊಂದು ದಿಕ್ಕಿಗೆ, ವಾಸ್ಕೋ ಕಡೆಗೆ ಹೋದರೆ ಸಾಂಖ್ವಾಳ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. 1880ರ ದಶಕದ ಕೊನೆಯಲ್ಲಿ ಈ ಹಳಿಯ ಮೇಲೆ ಮೊದಲ ರೈಲುಗಳು ಓಡತೊಡಗಿದಾಗ ಸಾಂಖ್ವಾಳದಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಮುಂದಿಲ್ಲ, ಆರೋಗ್ಯ ಅಷ್ಟಕ್ಕಷ್ಟೇ, ಮನೆಯಲ್ಲಿ ತೆಂಗಿನ ತೋಟದ ಕೆಲಸ. ಅವನೇ ಮುಂದೆ ಪಾಲಿ ಭಾಷೆಯ ದೊಡ್ಡ ಪಂಡಿತನಾಗಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಹೋಗಿ ಬಂದ ಧರ್ಮಾನಂದ ದಾಮೋದರ ಕೋಸಂಬಿ.

ಕೋಸಂಬಿ ಅಂದ ಕೂಡಲೇ ಇಂದಿನ ಕಾಲೇಜು ಹುಡುಗರಿಗೆ ನೆನಪಾಗುವುದು ಮಗ ಡಿ.ಡಿ. ಕೋಸಂಬಿ. ಗಣಿತಜ್ಞ, ಇತಿಹಾಸಕಾರ, ಭಾರತದ ಚರಿತ್ರೆಯನ್ನು ಬೇರೆಯೇ ಕಣ್ಣಿನಿಂದ ನೋಡಲು ಕಲಿಸಿದವರು. ತಂದೆಯ ಹೆಸರು ಮಗನ ನೆರಳಿನಲ್ಲಿ ಮರೆಯಾಗಿ ಹೋಗಿದೆ. ಆದರೆ ತಂದೆಯ ಬದುಕು ಇವತ್ತಿನ ಯುವಕರಿಗೆ ಇನ್ನೂ ಹತ್ತಿರದ್ದು. ಯಾಕೆಂದರೆ ಅವರ ತೊಂದರೆ ನಮ್ಮಲ್ಲಿ ಎಷ್ಟೋ ಮಂದಿಗೆ ಇರುವಂಥದ್ದೇ: ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಹುಟ್ಟಿದ್ದು 1876ರ ಅಕ್ಟೋಬರ್ 9ರಂದು, ಗೌಡ ಸಾರಸ್ವತ ಕುಟುಂಬದಲ್ಲಿ. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಹಳ್ಳಿಯಲ್ಲಿ ಸಿಕ್ಕಿದ್ದು ಒಂದಿಷ್ಟು ಮರಾಠಿ ಓದು ಮಾತ್ರ, ಅದೂ ತುಂಡು ತುಂಡಾಗಿ. ಹದಿನೈದರ ಹೊತ್ತಿಗೆ ಮದುವೆಯೂ ಆಯಿತು. ಹೆಂಡತಿ ಬಾಳಾಬಾಯಿ. ತೋಟ, ಸಂಸಾರ, ಸಾಲಸೋಲದ ಲೆಕ್ಕ. ಇದರ ನಡುವೆ ಹುಡುಗನಿಗೆ ಬೇಸರ, ಖಿನ್ನತೆ, ಏನೋ ಕಳೆದುಕೊಂಡ ಹಾಗೆ. ಮನೆ ಬಿಟ್ಟು ಹೊರಡುವುದು, ದೂರ ಹೋದ ಮೇಲೆ ಮನೆಯ ಯೋಚನೆ ಕಾಡಿ ಹಿಂತಿರುಗುವುದು, ಇದೂ ನಡೆದಿತ್ತು. ಇದ್ದ ಒಂದೇ ಸಮಾಧಾನ ಪುಸ್ತಕ. ತುಕಾರಾಮರ ಅಭಂಗಗಳನ್ನು ಓದಿದರು. 1897ರಲ್ಲಿ ಮಕ್ಕಳಿಗಾಗಿ ಬರುತ್ತಿದ್ದ 'ಬಾಲಬೋಧ' ಎಂಬ ಮರಾಠಿ ಮಾಸಪತ್ರಿಕೆಯಲ್ಲಿ ಬುದ್ಧನ ಕಥೆ ಕಣ್ಣಿಗೆ ಬಿತ್ತು. ಒಂದು ಮಕ್ಕಳ ಪತ್ರಿಕೆಯ ನಾಲ್ಕು ಪುಟ ಇಪ್ಪತ್ತರ ಯುವಕನ ತಲೆಯಲ್ಲಿ ಕೂತುಬಿಟ್ಟಿತು. ಈ ಬುದ್ಧನ ಬಗ್ಗೆ ಪೂರ್ತಿ ತಿಳಿಯಬೇಕು, ಅದಕ್ಕೆ ಸಂಸ್ಕೃತ ಕಲಿಯಬೇಕು, ಅದು ಗೋವಾದಲ್ಲಿ ಆಗುವ ಕೆಲಸವಲ್ಲ ಅಂತ ಅನಿಸಿತು.

1899ರ ಡಿಸೆಂಬರ್‌ನಲ್ಲಿ ಅವರು ಮನೆ ಬಿಟ್ಟರು. ಮೊದಲ ಮಗಳು ಮಾಣಿಕ್ ಆಗಿನ್ನೂ ಹಸುಗೂಸು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಧರ್ಮಾನಂದರ ಬಗ್ಗೆ ಬರೆಯುವವರು ಈ ಘಟನೆಯನ್ನು ಬುದ್ಧನ ಮನೆ ತ್ಯಾಗಕ್ಕೆ ಹೋಲಿಸಿ ಬೇಗ ಮುಂದಕ್ಕೆ ಹೋಗಿಬಿಡುತ್ತಾರೆ. ಆದರೆ ಬಾಳಾಬಾಯಿಯ ಕಡೆಯಿಂದ ನೋಡಿದರೆ ಕಥೆ ಬೇರೆ. ಕೈಯಲ್ಲಿ ಕೂಸು, ಗಂಡ ಎಲ್ಲಿ ಹೋದ, ಯಾವಾಗ ಬರುತ್ತಾನೆ ಎಂಬ ಭರವಸೆ ಇಲ್ಲ. ಒಂದೆರಡು ತಿಂಗಳಲ್ಲ, ಸುಮಾರು ಏಳು ವರ್ಷ. ಗಲ್ಫಿಗೆ ಹೋದ ಗಂಡನನ್ನು ಕಾದ ಹೆಂಗಸರು ನಮ್ಮ ಊರುಗಳಲ್ಲೂ ಇದ್ದಾರೆ. ಆದರೆ ಅಲ್ಲಿಂದ ಹಣ ಬರುತ್ತದೆ, ಫೋನಾದರೂ ಬರುತ್ತದೆ. ಬಾಳಾಬಾಯಿಯ ಗಂಡ ಹೊರಟಿದ್ದು ದುಡಿಯಲಿಕ್ಕಲ್ಲ.

ಪುಣೆಯಲ್ಲಿ ಅವರಿಗೆ ಪ್ರಸಿದ್ಧ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರ ಪರಿಚಯವಾಯಿತು. ಅಲ್ಲಿಂದ ಗ್ವಾಲಿಯರ್, ಕಾಶಿ. ಕಾಶಿಯಲ್ಲಿ ಅನ್ನಛತ್ರದ ಊಟ ಮಾಡಿಕೊಂಡು ಸಂಸ್ಕೃತ ಕಲಿತರು. 1902ರಲ್ಲಿ ನೇಪಾಳ. ಬುದ್ಧ ಹುಟ್ಟಿದ ನೆಲದಲ್ಲಿ ಬುದ್ಧನ ದಾರಿ ಜೀವಂತ ಇರಬಹುದು ಅಂತ ಹೋದವರಿಗೆ ನಿರಾಸೆಯೇ ಆಯಿತು. ಬೋಧಗಯಾ, ಕಲ್ಕತ್ತ, ಆಮೇಲೆ ಹಡಗು ಹತ್ತಿ ಸಿಲೋನ್. ಕೊಲಂಬೊದ ವಿದ್ಯೋದಯದಲ್ಲಿ ಸುಮಂಗಲ ಮಹಾಥೇರರ ಬಳಿ ಪಾಲಿ ಕಲಿಕೆ, ಅಲ್ಲೇ ಬೌದ್ಧ ದೀಕ್ಷೆ. ಮೂರು ವರ್ಷದ ಹಿಂದೆ ಸಾಂಖ್ವಾಳದ ತೋಟದಲ್ಲಿದ್ದ ಮನುಷ್ಯ ಈಗ ಕಾಷಾಯ ತೊಟ್ಟು ಕೂತಿದ್ದ. ಆದರೆ ಅಲ್ಲಿನ ಊಟ, ಹವೆ ದೇಹಕ್ಕೆ ಒಗ್ಗಲಿಲ್ಲ. ಮದರಾಸಿಗೆ ಬಂದು, ಅಲ್ಲಿಂದ ಬರ್ಮಾಕ್ಕೆ ಹೋದರು.

ಬರ್ಮಾದ ಮಾಂಡಲೆ ಊರಿನ ಹತ್ತಿರ, ಐರಾವತಿ ನದಿಯ ಆಚೆ ದಡದಲ್ಲಿ ಸಗಾಯಿಂಗ್ ಎಂಬ ಗುಡ್ಡಗಳ ಸಾಲಿದೆ. ಗುಡ್ಡದ ತುಂಬಾ ಗುಹೆಗಳು, ವಿಹಾರಗಳು. 1904ರಲ್ಲಿ ಅಂಥ ಒಂದು ಗುಹೆಯಲ್ಲಿ ಇಬ್ಬರು ವಿದೇಶಿ ಭಿಕ್ಷುಗಳು ಒಟ್ಟಿಗೆ ಧ್ಯಾನ ಕಲಿಯುತ್ತಿದ್ದರು. ಒಬ್ಬರು ಗೋವಾದ ಧರ್ಮಾನಂದ. ಇನ್ನೊಬ್ಬರು ಜರ್ಮನಿಯ ಆಂಟನ್ ಗ್ಯೂಟ್. ಪಿಟೀಲು ವಾದಕರಾಗಿ ಸಂಗೀತ ಕಲಿತವರು, ಅದನ್ನೆಲ್ಲ ಬಿಟ್ಟು ಬಂದು ಞಾಣತಿಲೋಕ ಎಂಬ ಹೆಸರಿನಲ್ಲಿ ಭಿಕ್ಷುವಾದವರು. ಕಲಿಸುತ್ತಿದ್ದವರು ಬರ್ಮಾದ ಒಬ್ಬ ಹಿರಿಯ ಭಿಕ್ಷು. ಕಲಿತವರಿಬ್ಬರೂ ಮುಂದೆ ತಮ್ಮ ತಮ್ಮ ಭಾಷೆಯವರಿಗೆ ಬೌದ್ಧ ಗ್ರಂಥಗಳನ್ನು ತಲುಪಿಸಿದರು.

ಅಲ್ಲಿ ಕಲಿಸುವ ವಿದ್ಯೆಗೆಲ್ಲ ಮೂಲ ಆಧಾರ ಒಂದು ಹಳೆಯ ಪುಸ್ತಕ. ಕ್ರಿ.ಶ. 5ನೇ ಶತಮಾನದಲ್ಲಿ ಸಿಲೋನಿನ ಅನುರಾಧಪುರದಲ್ಲಿ ಕೂತು ಬುದ್ಧಘೋಷ ಎಂಬ ಪಂಡಿತರು ಬರೆದ 'ವಿಶುದ್ಧಿಮಾರ್ಗ'. ಪಾಲಿಯಲ್ಲಿ ಅದರ ಹೆಸರು ವಿಸುದ್ಧಿಮಗ್ಗ. ಒಟ್ಟು 23 ಅಧ್ಯಾಯ. ಧರ್ಮಾನಂದರ ಉಳಿದ ಜೀವನವೆಲ್ಲ ಈ ಪುಸ್ತಕದ ಜೊತೆಗೇ ಕಳೆಯಿತು ಅಂದರೂ ತಪ್ಪಲ್ಲ.

ಧ್ಯಾನ ಅಂದರೆ ಕಣ್ಣು ಮುಚ್ಚಿ ಏನನ್ನೂ ಯೋಚಿಸದೆ ಕೂರುವುದು ಎಂಬ ಕಲ್ಪನೆ ಬಹಳ ಮಂದಿಗಿದೆ. ಹಾಗೆ ಕೂತು ನೋಡಿದವರಿಗೆ ಗೊತ್ತು, ಎರಡು ನಿಮಿಷದಲ್ಲಿ ಅಂಗಡಿ ಬಾಕಿ, ನಿನ್ನೆಯ ಜಗಳ, ನಾಳೆಯ ಪರೀಕ್ಷೆ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಬುದ್ಧಘೋಷರ ಪುಸ್ತಕ ಮನಸ್ಸಿಗೆ ಸುಮ್ಮನಿರು ಅಂತ ಹೇಳುವುದೇ ಇಲ್ಲ. ಅದಕ್ಕೊಂದು ಕೆಲಸ ಕೊಡುತ್ತದೆ. ಇಂಥ ಕೆಲಸಗಳು, ಅಂದರೆ ಧ್ಯಾನದ ವಿಷಯಗಳು, ಅದರಲ್ಲಿ 40 ಇವೆ. ಮನುಷ್ಯರ ಸ್ವಭಾವವನ್ನು ಆರು ಬಗೆಯಾಗಿ ವಿಂಗಡಿಸಿ, ಯಾರಿಗೆ ಯಾವುದು ಹೊಂದುತ್ತದೆ ಅಂತಲೂ ಹೇಳುತ್ತದೆ. ಎಲ್ಲರಿಗೂ ಒಂದೇ ಮದ್ದಲ್ಲ. ತಲೆಯಲ್ಲಿ ಯೋಚನೆ ಓಡುತ್ತಲೇ ಇರುವ ಸ್ವಭಾವದವರಿಗೆ ಸೂಚಿಸಿರುವುದು ಉಸಿರಿನ ಮೇಲೆ ಗಮನ.

ಅದರ ವಿಧಾನ ತುಂಬಾ ಸರಳ. ಮೊದಲು ಉಸಿರನ್ನು ಎಣಿಸಬೇಕು. ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಾದ ಹಟ್ಟಿಯಲ್ಲಿ ಕೂಡಿಹಾಕಿದ ದನದ ಹಾಗೆ ಮನಸ್ಸು ಒದ್ದಾಡುತ್ತದೆ. ಹತ್ತು ದಾಟಿದರೆ ಗಮನ ಉಸಿರನ್ನು ಬಿಟ್ಟು ಲೆಕ್ಕದ ಹಿಂದೆ ಹೋಗುತ್ತದೆ. ಮೊದಮೊದಲು ಧಾನ್ಯ ಅಳೆಯುವವರ ಹಾಗೆ ನಿಧಾನವಾಗಿ ಎಣಿಸಬೇಕಂತೆ. ಬಂದರಿನ ಹಳೆಯ ಅಕ್ಕಿ ಅಂಗಡಿಗಳಲ್ಲಿ ಲಾಭ, ಎರಡು, ಮೂರು ಅಂತ ರಾಗವಾಗಿ ಅಳೆಯುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಹೋಲಿಕೆ ಥಟ್ಟನೆ ಅರ್ಥವಾಗುತ್ತದೆ. ಸ್ವಲ್ಪ ಪಳಗಿದ ಮೇಲೆ ದನ ಕಾಯುವವನು ಬಾಗಿಲಲ್ಲಿ ನಿಂತು ಹೊರಬರುವ ದನಗಳನ್ನು ಬೇಗ ಬೇಗ ಎಣಿಸುವ ಹಾಗೆ ಎಣಿಸಬೇಕು. ಕೊನೆಗೆ ಎಣಿಕೆಯನ್ನೇ ಬಿಡಬೇಕು. ಆಗ ಉಸಿರು ಮೂಗಿಗೆ ತಾಗುವ ಜಾಗದಲ್ಲಿ ಮಾತ್ರ ಗಮನ. ಊರ ಬಾಗಿಲು ಕಾಯುವವನು ಊರೊಳಗಿರುವವರನ್ನೂ ಹೊರಗಿರುವವರನ್ನೂ ವಿಚಾರಿಸುತ್ತಾ ಕೂರುವುದಿಲ್ಲ, ಬಾಗಿಲಿಗೆ ಬಂದವರನ್ನು ಮಾತ್ರ ನೋಡುತ್ತಾನೆ, ಹಾಗೆ.

ಮನಸ್ಸು ಓಡಿ ಹೋದರೆ? ಓಡಿ ಹೋಗಿಯೇ ಹೋಗುತ್ತದೆ ಎಂದು ಈ ವಿದ್ಯೆ ಮೊದಲೇ ಒಪ್ಪಿಕೊಂಡಿದೆ. ಕಾಡುಹಸುವಿನ ಹಾಲು ಕುಡಿದು ಬೆಳೆದ ಕರುವನ್ನು ಪಳಗಿಸುವವರು ಅದನ್ನು ಬೇರೆ ಮಾಡಿ ಕಂಬಕ್ಕೆ ಕಟ್ಟುತ್ತಾರೆ. ಅದು ಅತ್ತ ಇತ್ತ ಎಳೆಯುತ್ತದೆ, ಹಾರುತ್ತದೆ. ಹಗ್ಗ ಬಿಡದಿದ್ದರೆ ಕೊನೆಗೆ ಆ ಕಂಬದ ಬುಡದಲ್ಲೇ ಮಲಗುತ್ತದೆ. ಉಸಿರು ಕಂಬ, ಎಚ್ಚರ ಹಗ್ಗ. ಕರುವಿಗೆ ಹೊಡೆಯುವ ಮಾತು ಎಲ್ಲೂ ಇಲ್ಲ ಎಂಬುದು ಗಮನಿಸಬೇಕಾದದ್ದು. ಇವತ್ತು ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡು ಮೂರನೇ ದಿನಕ್ಕೆ ತನ್ನಿಂದಾಗುವುದಿಲ್ಲ ಅಂತ ಬಿಡುವ ಹುಡುಗರು ಕರು ಹಾರಿದ್ದನ್ನೇ ಸೋಲು ಅಂದುಕೊಳ್ಳುತ್ತಾರೆ.

ಅದೇ ಪುಸ್ತಕದಲ್ಲಿ ಧ್ಯಾನಕ್ಕೆ ಅಡ್ಡಿಯಾಗುವ ಹತ್ತು ಸಂಗತಿಗಳ ಪಟ್ಟಿಯೂ ಇದೆ. ಅದರಲ್ಲಿ ಪ್ರಯಾಣ ಒಂದು, ನೆಂಟರಿಷ್ಟರು ಒಂದು, ಕಾಯಿಲೆ ಒಂದು. ಗ್ರಂಥ, ಅಂದರೆ ಓದಿನ ಹೊಣೆ, ಅದೂ ಒಂದು! ಧರ್ಮಾನಂದರ ಬದುಕಲ್ಲಿ ಇದ್ದದ್ದೇ ಈ ನಾಲ್ಕು. ಗುಹೆಯಲ್ಲೇ ಕೂತಿದ್ದರೆ ಇವುಗಳಿಂದ ತಪ್ಪಿಸಿಕೊಳ್ಳಬಹುದಿತ್ತೋ ಏನೋ. ಅವರು ಕೂರಲಿಲ್ಲ. 1906ರಲ್ಲಿ ಕಲ್ಕತ್ತಕ್ಕೆ ಬಂದು, ಪಾಲಿ ಕಲಿಸುವ ಕೆಲಸ ಹಿಡಿದು, ಕಾಷಾಯ ಕಳಚಿದರು. ಗೋವಾಕ್ಕೆ ಹೋಗಿ ಹೆಂಡತಿ ಮಗಳನ್ನು ಕಂಡರು. ಬಿಟ್ಟು ಹೋಗುವಾಗ ಕೂಸಾಗಿದ್ದ ಮಾಣಿಕ್‌ಗೆ ಆಗ ಏಳು ವರ್ಷ. 1907ರ ಜುಲೈ 31ರಂದು ಮಗ ಹುಟ್ಟಿದ. ಅಜ್ಜನ ಹೆಸರೇ ಇಟ್ಟರು, ದಾಮೋದರ.

ಮರಳಿ ಬಂದ ಮನುಷ್ಯ ಒಂದೇ ಕಡೆ ನಿಂತರೇ ಅಂದರೆ ಅದೂ ಇಲ್ಲ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು, ಮಹಾರಾಷ್ಟ್ರದಲ್ಲಿ ಇದ್ದುಕೊಂಡು ಪುಸ್ತಕ ಬರೆಯುವುದಾದರೆ ತಿಂಗಳಿಗೆ 50 ರೂಪಾಯಿ ಕೊಡುವುದಾಗಿ ಹೇಳಿದರು. ತಮ್ಮವರ ಭಾಷೆಯಲ್ಲಿ ಬರೆಯಬಹುದಲ್ಲ ಅಂತ ಕಲ್ಕತ್ತದ ಕೆಲಸ ಬಿಟ್ಟು ಬಂದರು. 1910ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ಜೇಮ್ಸ್ ವುಡ್ಸ್ ಕರೆ ಕಳಿಸಿದರು. ಅಲ್ಲಿ ಹೆನ್ರಿ ಕ್ಲಾರ್ಕ್ ವಾರನ್ ಎಂಬ ವಿದ್ವಾಂಸರು ವಿಶುದ್ಧಿಮಾರ್ಗದ ಶುದ್ಧ ಪಾಠ ಸಿದ್ಧಮಾಡುತ್ತಿದ್ದವರು 1899ರಲ್ಲಿ ತೀರಿಹೋಗಿದ್ದರು. ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಪೂರ್ತಿ ಮಾಡಲು ಬೇಕಾದವರು ಧರ್ಮಾನಂದರು. ಮೆಟ್ರಿಕ್ ಕೂಡ ಆಗದ ಸಾಂಖ್ವಾಳದ ತೋಟದ ಹುಡುಗ!

ಎರಡು ವರ್ಷ ಕೂತು, ಹಸ್ತಪ್ರತಿಗಳನ್ನು ಹೋಲಿಸಿ, ಅಕ್ಷರ ಅಕ್ಷರ ತಿದ್ದಿದರು. ಆಮೇಲೆ ಜಗಳ. ಗ್ರಂಥಮಾಲೆಯ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಲ್ಯಾನ್‌ಮನ್ ಜೊತೆ, ಸಂಪಾದಕನ ಶ್ರೇಯಸ್ಸು ಯಾರಿಗೆ ಸಲ್ಲಬೇಕು ಎಂಬ ವಿಷಯದಲ್ಲಿ ಮನಸ್ತಾಪ ಬೆಳೆಯಿತು. ಲ್ಯಾನ್‌ಮನ್‌ಗೆ ತೀರಿಹೋದ ವಾರನ್ ಹೆಸರೇ ಮುಖ್ಯ. ದುಡಿದವರಿಗೆ ತಮ್ಮ ಹೆಸರಿನ ಪಾಲು ಬೇಕು. 1912ರಲ್ಲಿ ಬೇಸರದಿಂದಲೇ ಊರಿಗೆ ಹೊರಟರು. ಮನಸ್ಸು ಶಾಂತ ಮಾಡುವ ಪುಸ್ತಕದ ಮೇಲೆಯೇ ಈ ಕಿರಿಕಿರಿ ಆದದ್ದು ನೋಡಿ ನಗು ಬರಬಹುದು. ಆದರೆ ಗುಹೆಯಲ್ಲಿ ಉಸಿರು ಎಣಿಸಿದವರಿಗೆ ಸಿಟ್ಟು ಬರಬಾರದು ಅಂತ ಯಾರು ಹೇಳಿದರು? ತಮ್ಮ ದುಡಿಮೆಯ ಹಕ್ಕು ಕೇಳಿದ್ದರಲ್ಲಿ ಅವರ ತಪ್ಪೇನೂ ಕಾಣುವುದಿಲ್ಲ. ಸಿಟ್ಟಿನಲ್ಲಿ ಪುಸ್ತಕವನ್ನು ಬಿಟ್ಟುಬಿಡಲಿಲ್ಲ ಎಂಬುದು ದೊಡ್ಡದು. 1918ರಲ್ಲಿ ಮತ್ತೆ ಅಲ್ಲಿಗೇ ಹೋದರು, ಮಾಣಿಕ್ ಮತ್ತು ದಾಮೋದರನನ್ನು ಕರೆದುಕೊಂಡು. ಆಮೇಲೆಯೂ ಎರಡು ಸಲ ಹೋದರು. ಬಾಳಾಬಾಯಿ ಈ ಸಲವೂ ಕಿರಿಯ ಹೆಣ್ಣುಮಕ್ಕಳ ಜೊತೆ ಇಲ್ಲೇ ಉಳಿದರು.

ಇದರ ನಡುವೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಪಾಠ, ಗಾಂಧೀಜಿಯ ಗುಜರಾತ್ ವಿದ್ಯಾಪೀಠದಲ್ಲಿ ಕೆಲಸ, ಸೋವಿಯತ್ ರಷ್ಯಾ ಪ್ರವಾಸ, 1930ರ ಉಪ್ಪಿನ ಸತ್ಯಾಗ್ರಹ, ಜೈಲು. ಮುಂಬಯಿಯ ಪರೇಲಿನ ಕಾರ್ಮಿಕರ ನಡುವೆ ಬಹುಜನ ವಿಹಾರ. ಇವೆಲ್ಲ ಒಂದೊಂದೂ ಬೇರೆ ಲೇಖನಕ್ಕಾಗುವಷ್ಟಿವೆ. ಧ್ಯಾನದ ವಿಷಯಕ್ಕೆ ಮುಖ್ಯವಾದದ್ದು 1925ರಲ್ಲಿ ಬಂದ 'ಸಮಾಧಿಮಾರ್ಗ' ಎಂಬ ಸಣ್ಣ ಪುಸ್ತಕ. ಪಾಲಿ ಪಂಡಿತರ ನಡುವೆ ಉಳಿದಿದ್ದ ಈ ವಿದ್ಯೆಯನ್ನು ಸಾಮಾನ್ಯ ಓದುಗರಿಗೆ ಅರ್ಥವಾಗುವ ಹಾಗೆ ಬಿಡಿಸಿಟ್ಟರು. ವಿಪಶ್ಯನ ಶಿಬಿರಗಳು ಭಾರತದಲ್ಲಿ ಹೆಸರು ಮಾಡಿದ್ದು ಇದಾಗಿ ಎಷ್ಟೋ ದಶಕದ ನಂತರ. 1940ರಲ್ಲಿ ವಿಶುದ್ಧಿಮಾರ್ಗದ ದೇವನಾಗರಿ ಆವೃತ್ತಿಯನ್ನು ಮುಂಬಯಿಯ ಭಾರತೀಯ ವಿದ್ಯಾಭವನದಿಂದ ಹೊರತಂದರು. ಹಾರ್ವರ್ಡಿನ ಪುಸ್ತಕ ಆಗಲೂ ಅಚ್ಚಾಗಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ದೇಹವನ್ನು ತಿಂದುಹಾಕಿತ್ತು. ಜೈನರ ಪಾರ್ಶ್ವನಾಥರ ವಿಚಾರಗಳು ಅವರನ್ನು ಆಗ ಬಹಳ ಸೆಳೆದಿದ್ದವು. ಇನ್ನು ಯಾರಿಗೂ ಭಾರವಾಗಬಾರದು ಅಂತ 1946ರಲ್ಲಿ ಅನ್ನ ಬಿಡಲು ಹೊರಟಾಗ ಗಾಂಧೀಜಿಯೇ ತಡೆದರು. ಮರುವರ್ಷ ಸೇವಾಗ್ರಾಮದಲ್ಲಿ ಮತ್ತೆ ಉಪವಾಸ ಹಿಡಿದರು. 1947ರ ಜೂನ್ 4ರಂದು ತೀರಿಕೊಂಡರು. ಈ ಕೊನೆಯ ನಿರ್ಧಾರವನ್ನು ಒಪ್ಪಲು ಎಷ್ಟೋ ಮಂದಿಗೆ ಸಾಧ್ಯವಿಲ್ಲ, ಬೇರೆ ಧರ್ಮದ ಓದುಗರಿಗಂತೂ ಇಲ್ಲವೇ ಇಲ್ಲ. ದೇಶ ಒಡೆಯುವ ಸುದ್ದಿಯ ಗದ್ದಲದಲ್ಲಿ ಈ ಸಾವು ಹೆಚ್ಚು ಮಂದಿಗೆ ತಿಳಿಯಲೂ ಇಲ್ಲ. ದಿಲ್ಲಿಯಲ್ಲಿದ್ದ ಗಾಂಧೀಜಿ ಮರುದಿನದ ಪ್ರಾರ್ಥನಾ ಸಭೆಯಲ್ಲಿ, ಸದ್ದಿಲ್ಲದೆ ದುಡಿದು ಹೋದ ಈ ವಿದ್ವಾಂಸನನ್ನು ನೆನೆದರು.

ಹಾರ್ವರ್ಡಿನ ವಿಶುದ್ಧಿಮಾರ್ಗ ಗ್ರಂಥಮಾಲೆಯ 41ನೇ ಸಂಪುಟವಾಗಿ 1950ರಲ್ಲಿ ಹೊರಬಂತು. ಸಂಪಾದಕರ ಜಾಗದಲ್ಲಿ ವಾರನ್ ಹೆಸರು. ಪರಿಷ್ಕರಿಸಿದವರು ಧರ್ಮಾನಂದ ಕೋಸಂಬಿ ಎಂದು ಅದರ ಕೆಳಗೆ.