ಮಿಗೆಲ್ ದೆ ಉನಮುನೊ

ಮಿಗೆಲ್ ದೆ ಉನಮುನೊ (29 ಸೆಪ್ಟೆಂಬರ್ 1864 – 31 ಡಿಸೆಂಬರ್ 1936) ಸ್ಪೇನ್ ದೇಶದ ಕಾದಂಬರಿಕಾರ, ಕವಿ, ಚಿಂತಕ ಹಾಗೂ ಗ್ರೀಕ್ ಪ್ರಾಧ್ಯಾಪಕರು. 1898ರ ಯುದ್ಧದಲ್ಲಿ ಸ್ಪೇನ್ ಕ್ಯೂಬಾ, ಫಿಲಿಪೀನ್ಸ್ ಮುಂತಾದ ವಸಾಹತುಗಳನ್ನು ಕಳೆದುಕೊಂಡ ನಂತರ ದೇಶದ ಅವನತಿಯನ್ನು ಕುರಿತು ಬರೆದ ಲೇಖಕರ ಪೀಳಿಗೆಯಲ್ಲಿ ಇವರು ಪ್ರಮುಖರು. ಹುಟ್ಟಿದ್ದು ಬಾಸ್ಕ್ ಪ್ರಾಂತ್ಯದಲ್ಲಾದರೂ ಇವರ ಹೆಸರು ಸಲಮಾಂಕ ನಗರದೊಂದಿಗೆ ಬೆಸೆದುಕೊಂಡಿದೆ.

ಆರಂಭಿಕ ಜೀವನ

ಉನಮುನೊ ಬಿಲ್ಬಾವೊ ನಗರದಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. 1874ರಲ್ಲಿ ಅಂತರ್ಯುದ್ಧದ ಮುತ್ತಿಗೆಗೆ ಸಿಲುಕಿದ ಬಿಲ್ಬಾವೊದ ಮೇಲೆ ಬಾಂಬುಗಳು ಬಿದ್ದದ್ದನ್ನು ಕಣ್ಣಾರೆ ಕಂಡರು. ಮೊದಲ ಕಾದಂಬರಿ 'ಪಾಸ್ ಎನ್ ಲಾ ಗೆರ್ರಾ'ಗೆ (1897) ಆ ಅನುಭವವೇ ವಸ್ತುವಾಯಿತು. ಮ್ಯಾಡ್ರಿಡ್‌ನಲ್ಲಿ ಓದಿ 1884ರಲ್ಲಿ ಡಾಕ್ಟರೇಟ್ ಪಡೆದರು.

ಸಲಮಾಂಕದಲ್ಲಿ

1218ರಲ್ಲಿ ಸ್ಥಾಪನೆಯಾದ ಸಲಮಾಂಕ ವಿಶ್ವವಿದ್ಯಾಲಯವು ಸ್ಪೇನ್‌ನ ಅತ್ಯಂತ ಹಳೆಯ ವಿದ್ಯಾಪೀಠಗಳಲ್ಲೊಂದು. 16ನೆಯ ಶತಮಾನದ ಕವಿ ಫ್ರಾಯ್ ಲೂಯಿಸ್ ದೆ ಲಿಯೋನ್ ಬೋಧಿಸಿದ್ದು ಇಲ್ಲಿಯೇ. ಉನಮುನೊ 1891ರಲ್ಲಿ ಇಲ್ಲಿ ಗ್ರೀಕ್ ಪೀಠಕ್ಕೆ ಆಯ್ಕೆಯಾದರು. ಅದೇ ವರ್ಷ ಕೊಂಚಾ ಲಿಸಾರಾಗ ಅವರನ್ನು ವಿವಾಹವಾದರು. ಮಗನೊಬ್ಬನ ವಾಸಿಯಾಗದ ಕಾಯಿಲೆಯ ನಡುವೆ, 1897ರಲ್ಲಿ ಅವರ ಧರ್ಮಶ್ರದ್ಧೆ ತೀವ್ರ ಸಂಕಟಕ್ಕೆ ಒಳಗಾಯಿತು. ನಂಬಬೇಕೆಂಬ ಹಂಬಲ, ನಂಬಲೊಪ್ಪದ ಬುದ್ಧಿ ಇವುಗಳ ತಿಕ್ಕಾಟವು ಮುಂದಿನ ಕೃತಿಗಳ ಜೀವಾಳವಾಯಿತು. 'ನಿಯೆಬ್ಲಾ' (1914) ಕಾದಂಬರಿಯ ನಾಯಕ ತನ್ನ ಆತ್ಮಹತ್ಯೆಯ ಯೋಚನೆಯನ್ನು ಚರ್ಚಿಸಲು ಲೇಖಕನನ್ನೇ ಹುಡುಕಿಕೊಂಡು ಸಲಮಾಂಕಕ್ಕೆ ಬರುತ್ತಾನೆ.

1900ರಲ್ಲಿ ರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ಅವರನ್ನು 1914ರಲ್ಲಿ ಕಾರಣ ತಿಳಿಸದೆ ವಜಾ ಮಾಡಲಾಯಿತು. ಸರ್ವಾಧಿಕಾರಿ ಪ್ರಿಮೊ ದೆ ರಿವೇರಾನನ್ನು ಟೀಕಿಸಿದ್ದಕ್ಕಾಗಿ 1924ರಲ್ಲಿ ಫುಯೆರ್ತೆವೆಂತುರಾ ದ್ವೀಪಕ್ಕೆ ಗಡಿಪಾರಾದರು. ಅಲ್ಲಿಂದ ಫ್ರಾನ್ಸಿಗೆ ತೆರಳಿ, ಕ್ಷಮಾದಾನ ದೊರೆತರೂ ಸರ್ವಾಧಿಕಾರ ಕೊನೆಗೊಳ್ಳುವವರೆಗೆ ಮರಳಲಿಲ್ಲ. 1930ರಲ್ಲಿ ಹಿಂತಿರುಗಿ, ಮರುವರ್ಷ ಸಲಮಾಂಕದ ನಗರಸಭಾ ಕಟ್ಟಡದಿಂದ ಗಣರಾಜ್ಯವನ್ನು ಘೋಷಿಸಿದರು. ಮತ್ತೆ ರೆಕ್ಟರ್ ಆದರು.

1936ರ ಘಟನೆಗಳು

ಗಣರಾಜ್ಯದ ಬಗ್ಗೆ ಬೇಗನೆ ಭ್ರಮನಿರಸನಗೊಂಡ ಅವರು 1936ರ ಜುಲೈನಲ್ಲಿ ಸೇನಾದಂಗೆಯನ್ನು ಬೆಂಬಲಿಸಿದರು. ಆ ಬೆಂಬಲವನ್ನು ಮರೆಮಾಚಿ ಅವರನ್ನು ಕೇವಲ ಪ್ರತಿಭಟನೆಯ ಸಂಕೇತವಾಗಿ ಚಿತ್ರಿಸುವುದು ಸರಿಯಲ್ಲ. ಆದರೆ ನಗರದ ಮೇಯರ್ ಹಾಗೂ ಅವರ ಸ್ನೇಹಿತರಾದ ಕಾಸ್ತೊ ಪ್ರಿಯೆತೊ ಕರಾಸ್ಕೊ ಹತ್ಯೆಯಾದರು. ಶಿಷ್ಯ ಸಾಲ್ವದೋರ್ ವಿಲಾ ಬಂಧಿತರಾದರು. ಅಕ್ಟೋಬರ್ 12ರಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಡೆದ ಸಮಾರಂಭದಲ್ಲಿ ಅಧ್ಯಕ್ಷಸ್ಥಾನದಲ್ಲಿದ್ದ ಉನಮುನೊ ದ್ವೇಷದ ಮಾತುಗಳನ್ನು ಖಂಡಿಸಿದರು. ಸೇನಾನಿ ಮಿಯಾನ್ ಅಸ್ತ್ರಾಯ್ ಕೂಗಾಡಿ ಅಡ್ಡಿಪಡಿಸಿದರು. ಗದ್ದಲದ ನಡುವೆ ಫ್ರಾಂಕೊನ ಪತ್ನಿ ಕಾರ್ಮೆನ್ ಪೋಲೊ ಜೊತೆಗೂಡಿ ಉನಮುನೊ ಹೊರನಡೆದರು.

ಆ ಭಾಷಣದ ಪೂರ್ಣ ದಾಖಲೆ ಉಳಿದಿಲ್ಲ. ಸ್ಥಳೀಯ ಪತ್ರಿಕೆಗಳು ಉಳಿದವರ ಭಾಷಣಗಳನ್ನು ಅಚ್ಚುಹಾಕಿ ಅವರದನ್ನು ಕೈಬಿಟ್ಟವು. ಇಂದು ಲೋಕಪ್ರಸಿದ್ಧವಾಗಿರುವ ಪಾಠವು 1941ರಲ್ಲಿ ಲೂಯಿಸ್ ಪೋರ್ತಿಯೊ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಪುನರ್ನಿರ್ಮಾಣವೇ ಹೊರತು ಯಥಾವತ್ತಾದ ವರದಿಯಲ್ಲ. ಬಂಧಿತನಾಗಿದ್ದ ಪ್ರೊಟೆಸ್ಟೆಂಟ್ ಪಾದ್ರಿ ಅತಿಲಾನೊ ಕೋಕೊನ ಪತ್ನಿ ನೆರವು ಕೋರಿ ಬರೆದ ಪತ್ರದ ಮೇಲೆ ಉನಮುನೊ ಅಂದು ಗೀಚಿಕೊಂಡ ಕೆಲವು ಪದಗಳು ಮಾತ್ರ ಅವರದೇ ಕೈಬರಹದಲ್ಲಿ ಉಳಿದಿವೆ. ಕೋಕೊ ಆ ಡಿಸೆಂಬರ್‌ನಲ್ಲಿ ಹತನಾದ.

ಘಟನೆಯ ಬೆನ್ನಲ್ಲೇ ನಗರಸಭೆಯ ಸದಸ್ಯತ್ವವೂ ರೆಕ್ಟರ್ ಹುದ್ದೆಯೂ ಹೋದವು. ಕಾವಲಿನಲ್ಲಿ ಮನೆಯಲ್ಲೇ ಉಳಿದ ಅವರು ವರ್ಷದ ಕೊನೆಯ ದಿನ ನಿಧನರಾದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಫಲಾಂಜ್ ಪಕ್ಷದವರು.

ಸ್ಮಾರಕಗಳು

ಅವರು ರೆಕ್ಟರ್ ಆಗಿ ವಾಸಿಸಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅವರ ಗ್ರಂಥಭಂಡಾರದೊಡನೆ, ಬಿಡುವಿನಲ್ಲಿ ಕಾಗದ ಮಡಿಸಿ ಹಕ್ಕಿಗಳನ್ನು ಮಾಡುತ್ತಿದ್ದ ಅವರ ಹವ್ಯಾಸದ ನೆನಪೂ ಅಲ್ಲಿದೆ. ಕೊನೆಯುಸಿರೆಳೆದ ಮನೆಯ ಸಮೀಪ ಪಾಬ್ಲೊ ಸೆರಾನೊ ರೂಪಿಸಿದ ಪ್ರತಿಮೆಯನ್ನು 1968ರಲ್ಲಿ ಸ್ಥಾಪಿಸಲಾಯಿತು.