ಹೀಲಾ ಕೋಶಗಳ ಒಡತಿ ಹೆನ್ರಿಯೆಟಾ ಲ್ಯಾಕ್ಸ್

ಶಿವಮೊಗ್ಗ: ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ, ಶಿವಮೊಗ್ಗ ನಗರದ ಕಾಲೇಜುಗಳಲ್ಲಾಗಲಿ ಜೀವವಿಜ್ಞಾನ ಓದುವವರಿಗೆ ‘ಹೀಲಾ’ ಎಂಬ ಹೆಸರು ಹೊಸದಲ್ಲ. ಕ್ಯಾನ್ಸರ್ ಸಂಶೋಧನೆಗೆ ವಿಶ್ವದಾದ್ಯಂತ ಬಳಕೆಯಾಗುತ್ತಿರುವ ಈ ಕೋಶಗಳು ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ದೇಹದಿಂದ ಬಂದವು ಎಂಬುದು ಮಾತ್ರ ದೀರ್ಘಕಾಲ ಮರೆಯಲ್ಲೇ ಉಳಿದಿತ್ತು.

1920ರ ಆಗಸ್ಟ್ 1ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಜನಿಸಿದ ಹೆನ್ರಿಯೆಟಾ, ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡರು. ಕ್ಲೋವರ್ ಎಂಬ ಊರಿನಲ್ಲಿ ಅಜ್ಜನ ಆಶ್ರಯದಲ್ಲಿ ಬೆಳೆದು, ತಂಬಾಕಿನ ಹೊಲಗಳಲ್ಲಿ ದುಡಿದರು. 1941ರಲ್ಲಿ ಡೇವಿಡ್ ಲ್ಯಾಕ್ಸ್ ಅವರನ್ನು ವಿವಾಹವಾದರು. ಬಳಿಕ ದಂಪತಿ ಬಾಲ್ಟಿಮೋರ್ ಸಮೀಪ ನೆಲೆಸಿದರು. ಅವರಿಗೆ ಐವರು ಮಕ್ಕಳು.

1951ರ ಆರಂಭದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅವರಿಗೆ ಗರ್ಭಕಂಠದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಚಿಕಿತ್ಸೆಯ ವೇಳೆ ಗೆಡ್ಡೆಯ ತುಣುಕೊಂದನ್ನು ಅವರ ಅನುಮತಿ ಕೇಳದೆಯೇ ತೆಗೆದು, ಸಂಶೋಧಕ ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಅಲ್ಲಿಯವರೆಗೆ ಪ್ರಯೋಗಾಲಯದಲ್ಲಿ ಮಾನವ ಕೋಶಗಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಇವು ಮಾತ್ರ ಸುಮಾರು ದಿನಕ್ಕೊಮ್ಮೆ ದ್ವಿಗುಣಗೊಳ್ಳುತ್ತ ಹೋದವು. ಅದೇ ವರ್ಷ ಅಕ್ಟೋಬರ್ 4ರಂದು, 31 ವರ್ಷ ವಯಸ್ಸಿನ ಹೆನ್ರಿಯೆಟಾ ನಿಧನರಾದರು.

ಅವರ ಕಾಯಿಲೆಯ ಮೂಲ ತಿಳಿದದ್ದೂ ಇದೇ ಕೋಶಗಳಿಂದ. ಜೀನ್ ಸಕ್ರಿಯವಾದಾಗ ಆರ್‌ಎನ್‌ಎ ಎಂಬ ಸಂದೇಶ ತಯಾರಾಗುತ್ತದೆ. ಕೋಶದಿಂದ ಅದನ್ನು ಬೇರ್ಪಡಿಸಿ ಅಳೆದರೆ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಜರ್ಮನಿಯ ಹೆರಾಲ್ಡ್ ಸುರ್ ಹಾಸೆನ್ ಅವರ ತಂಡ 1980ರ ದಶಕದಲ್ಲಿ ಹೀಲಾ ಕೋಶಗಳಲ್ಲಿ ಎಚ್‌ಪಿವಿ-18 ವೈರಾಣುವಿನ ಜೀನ್‌ಗಳು ಸಕ್ರಿಯವಾಗಿರುವುದನ್ನು ಕಂಡುಕೊಂಡಿತು. ಇ6 ಮತ್ತು ಇ7 ಎಂಬ ಈ ಜೀನ್‌ಗಳು ಕೋಶ ವಿಭಜನೆಯ ಕಡಿವಾಣವನ್ನೇ ಕಿತ್ತುಹಾಕುತ್ತವೆ. ಅವನ್ನು ಅಡಗಿಸಿದರೆ ಕೋಶಗಳ ಬೆಳವಣಿಗೆ ನಿಲ್ಲುತ್ತದೆ ಎಂಬುದೂ ನಂತರ ಸಾಬೀತಾಯಿತು. ಎಚ್‌ಪಿವಿ ಕುರಿತ ಸಂಶೋಧನೆಗಾಗಿ ಹಾಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿನ ಎಚ್‌ಪಿವಿ ಲಸಿಕೆಗೆ ದಾರಿಯಾದದ್ದೂ ಇದೇ ಅರಿವು.

ಕೋಶಗಳು ಬಳಕೆಯಲ್ಲಿರುವ ವಿಷಯ ಎರಡು ದಶಕಗಳ ಕಾಲ ಲ್ಯಾಕ್ಸ್ ಕುಟುಂಬಕ್ಕೆ ತಿಳಿದಿರಲಿಲ್ಲ. ಕಂಪನಿಗಳು ಲಾಭ ಗಳಿಸಿದರೂ ಮನೆಯವರಿಗೆ ಪಾಲು ಸಿಗಲಿಲ್ಲ. ಹೆನ್ರಿಯೆಟಾ ಸಮಾಧಿಗೆ ಹೆಸರಿನ ಕಲ್ಲು ಬಂದದ್ದೇ 2010ರಲ್ಲಿ. 2013ರಲ್ಲಿ ಹೀಲಾ ಜೀನೋಮ್ ಮಾಹಿತಿಯ ಬಳಕೆ ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬಕ್ಕೆ ಸ್ಥಾನ ನೀಡಲಾಯಿತು. 2023ರಲ್ಲಿ ಥರ್ಮೋ ಫಿಶರ್ ಕಂಪನಿಯು ಕುಟುಂಬದೊಂದಿಗೆ ರಾಜಿ ಮಾಡಿಕೊಂಡಿತು.

ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಳಿಕ ಹೆಚ್ಚಾಗಿ ಕಂಡುಬರುವುದು ಗರ್ಭಕಂಠದ ಕ್ಯಾನ್ಸರ್. ಅದರ ವಿರುದ್ಧದ ಹೋರಾಟದಲ್ಲಿ ಹೆನ್ರಿಯೆಟಾ ಪಾಲು ದೊಡ್ಡದು. ಆದರೆ ಅದನ್ನು ಕೊಡುವಿರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ.